ಕುರಿಗೆ ಕಾಯಿಲೆ, ಒಳಗೆ ಬರಬೇಡಿ

ಡೆನ್ಜಿಲ್ ಪಾಸ್ಕೋ ತನ್ನ ಐವತ್ತೊಂಬತ್ತು ವರ್ಷದ ಬಾಳಿನಲ್ಲಿ ಹೇಳಿದ ಸುಳ್ಳುಗಳಲ್ಲೆಲ್ಲ ತೀರಾ ಚಿಕ್ಕದು ನಾಲ್ಕೇ ಪದದ್ದು. ಅದನ್ನೂ ಅವನು ಬಾಯಿಬಿಟ್ಟು ಹೇಳಲಿಲ್ಲ. ಸೇಬಿನ ಪೆಟ್ಟಿಗೆಯಿಂದ ಕಿತ್ತ ಹಲಗೆಯ ಮೇಲೆ ಕೆಂಪು ಬಣ್ಣದಲ್ಲಿ ಬರೆದು ಗೇಟಿಗೆ ನೇತುಹಾಕಿದ: ‘ಕುರಿಗೆ ಕಾಯಿಲೆ. ಒಳಗೆ ಬರಬೇಡಿ.’

ಕುರಿಗಳಿಗೆ ಕಾಯಿಲೆ ಇರಲಿಲ್ಲ. ಕಾಯಿಲೆ ಇದ್ದದ್ದು ಡೆನ್ಜಿಲ್‌ಗೆ, ಪುಸ್ತಕದ್ದು.

ಹೋಬಾರ್ಟಿನ ಬಂದರು ಗೋದಾಮಿನಲ್ಲಿ ಮೂವತ್ತು ವರ್ಷ ಪೆಟ್ಟಿಗೆ ಎಣಿಸಿದವನು ಅವನು. ಎಣಿಸುತ್ತಲೇ ಪುಸ್ತಕ ಕೊಂಡು, ‘ನಿವೃತ್ತಿ ಆದಮೇಲೆ ಓದ್ತೀನಿ’ ಅನ್ನುತ್ತ ಮೂವತ್ತೆಂಟು ಡಬ್ಬ ತುಂಬಿಸಿದ್ದ. ನಿವೃತ್ತಿ ಹತ್ತಿರ ಬಂದಾಗ ಹ್ಯೂಆನ್ ಕಣಿವೆಯ ಒಂದು ಪುಟ್ಟ ಫಾರ್ಮ್ ಮಾರಾಟಕ್ಕಿದೆ ಎಂದು ಪತ್ರಿಕೆಯಲ್ಲಿ ಚಿತ್ರ ಬಂತು. ಚಿತ್ರದಲ್ಲಿ ಒಂದು ಜಗುಲಿ, ಜಗುಲಿಯಲ್ಲಿ ಒಂದು ಬೆತ್ತದ ಕುರ್ಚಿ, ದೂರದಲ್ಲಿ ಹತ್ತಿಯ ಉಂಡೆಯಂತೆ ಎರಡು ಕುರಿ. ಡೆನ್ಜಿಲ್ ಕೊಂಡದ್ದು ಆ ಕುರ್ಚಿಯನ್ನು. ಅದರ ಜೊತೆಗೆ ಒಂಬತ್ತು ಎಕರೆ ಜಮೀನು, ಹತ್ತೊಂಬತ್ತು ಕುರಿ, ಮುರಿದ ಬೇಲಿ, ಸೋರುವ ಪೈಪು ಎಲ್ಲ ಬಂದವು.

ಎಂಟು ತಿಂಗಳಾಗಿತ್ತು. ಅವನು ಓದಿದ್ದು ನಲವತ್ತೊಂದು ಪುಟ, ಅದೂ ಮೂರು ಬೇರೆ ಬೇರೆ ಪುಸ್ತಕದಲ್ಲಿ.

ಬೇಲಿ, ಪೈಪುಗಳನ್ನಾದರೂ ಹೇಗೋ ಸಹಿಸಬಹುದಿತ್ತು. ನೆರೆಹೊರೆಯನ್ನು ಸಹಿಸುವುದು ಕಷ್ಟವಿತ್ತು. ಪಟ್ಟಣದಲ್ಲಿ ಪುಸ್ತಕ ಬಿಚ್ಚಿ ಕೂತವನನ್ನು ಯಾರೂ ಮಾತನಾಡಿಸುವುದಿಲ್ಲ. ಈ ಕಣಿವೆಯಲ್ಲಿ ಪುಸ್ತಕ ಬಿಚ್ಚಿ ಕೂತವನೆಂದರೆ ಕೈ ಖಾಲಿ ಇರುವವನು ಎಂದು ಲೆಕ್ಕ. ದಾರಿಯಲ್ಲಿ ಹೋಗುವವರೆಲ್ಲ ಗಾಡಿ ನಿಲ್ಲಿಸಿ, “ಸುಮ್ನೆ ಕೂತಿದೀಯಲ್ಲ ಮಾರಾಯ, ಒಂದ್ನಿಮಿಷ ಬಾ” ಎಂದು ಕರೆದೊಯ್ಯುತ್ತಿದ್ದರು. ಆ ಒಂದು ನಿಮಿಷದಲ್ಲಿ ಅವನು ಟ್ರ್ಯಾಕ್ಟರಿನ ಚಕ್ರ ಎತ್ತಿದ್ದ, ಹಂದಿಯ ಹಿಂಗಾಲು ಹಿಡಿದಿದ್ದ, ಒಬ್ಬರ ಶವಪೆಟ್ಟಿಗೆಗೆ ಹೆಗಲನ್ನೂ ಕೊಟ್ಟಿದ್ದ. ಆ ಸತ್ತವರು ಯಾರೆಂದು ಅವನಿಗೆ ಇವತ್ತಿಗೂ ಗೊತ್ತಿಲ್ಲ.

ಸೆಪ್ಟೆಂಬರಿನ ಆ ದಿನ ಹೆಂಡತಿ ರೋವೆನಾ ಬೆಳಿಗ್ಗೆ ಏಳಕ್ಕೇ ಲಾನ್‌ಸೆಸ್ಟನ್‌ನಲ್ಲಿರುವ ತಂಗಿಯ ಮನೆಗೆ ಹೊರಟಳು. “ಕುರಿ ನೋಡ್ಕೋ, ನಾಳೆ ಬರ್ತೀನಿ” ಅಂದಳು. ಕಾರು ತಿರುವಿನಲ್ಲಿ ಮರೆಯಾದ ಕೂಡಲೇ ಡೆನ್ಜಿಲ್ ಹಲಗೆ ನೇತುಹಾಕಿ, ಚಹಾ ಮಾಡಿಕೊಂಡು, ಆರುನೂರ ನಲವತ್ತು ಪುಟದ ಒಂದು ಕೊಲೆಯ ಕಾದಂಬರಿ ಹಿಡಿದು ಬೆತ್ತದ ಕುರ್ಚಿಯಲ್ಲಿ ಕೂತ. ಹನ್ನೆರಡನೇ ಪುಟದಲ್ಲಿ ದೀಪಸ್ತಂಭದ ಕಾವಲುಗಾರ ಮೆಟ್ಟಿಲಿಳಿದು ಬಂದು ಬಾಗಿಲು ತೆರೆದು ನೋಡಿದಾಗ ಅಲ್ಲಿ...

“ಬ್ಯಾ” ಎಂದು ಸದ್ದು ಬಂತು.

ಅದು ಹತ್ತೊಂಬತ್ತು ಕುರಿಯ ಸದ್ದಲ್ಲ. ಡೆನ್ಜಿಲ್ ತಲೆಯೆತ್ತಿದ. ಗೇಟಿನ ಆಚೆ, ರಸ್ತೆಯ ತುಂಬ, ಅರವತ್ಮೂರು ಕುರಿ ನಿಂತಿದ್ದವು. ಅವುಗಳ ಹಿಂದೆ ಕೋಲು ಹಿಡಿದು ಗ್ವೆಂಡಾ ಸ್ಟಾಡರ್ಟ್ ನಿಂತಿದ್ದಳು. ಪಕ್ಕದ ಫಾರ್ಮಿನ ಒಡತಿ, ವಯಸ್ಸು ಎಪ್ಪತ್ತೆರಡು. ಅವಳು ಗುಟ್ಟು ಹೇಳಿದರೂ ನದಿಯಾಚೆಗೆ ಕೇಳಿಸುತ್ತಿತ್ತು.

“ನನ್ನ ಹುಲ್ಲುಗಾವಲಲ್ಲಿ ನೀರು ನಿಂತಿದೆ, ಕುರೀನ ಎರಡು ವಾರ ನಿನ್ನ ಹುಲ್ಲಿಗೆ ಬಿಡ್ತೀನಿ ಅಂದಾಗ ‘ಹ್ಞೂಂ’ ಅಂದಿದ್ದು ನೀನೇ ತಾನೇ?”

ಅಂದಿರಬೇಕು. ಪುಸ್ತಕದ ಹಿಂದಿನಿಂದ ಅವನು ಎಲ್ಲರಿಗೂ ‘ಹ್ಞೂಂ’ ಅನ್ನುತ್ತಿದ್ದ. ಆ ಹೆಣ ಹೊತ್ತದ್ದೂ ಹಾಗೆ ಒಪ್ಪಿಕೊಂಡೇ.

ಅಷ್ಟರಲ್ಲಿ ಗ್ವೆಂಡಾಳ ಕಣ್ಣು ಹಲಗೆಯ ಮೇಲೆ ಬಿತ್ತು. ಅವಳು ಅದನ್ನು ಗಟ್ಟಿಯಾಗಿ ಓದಿದಳು, ಓದಿ ಮೂರು ಹೆಜ್ಜೆ ಹಿಂದೆ ಸರಿದಳು. ಮನೆಯಲ್ಲಿ ಗ್ಯಾಸ್ ವಾಸನೆ ಬಂದರೆ ಪಟ್ಟಣದವರ ಮುಖ ಹೇಗಾಗುತ್ತದೋ, ಕುರಿ ಸಾಕುವವರ ಕಣಿವೆಯಲ್ಲಿ ಇಂಥ ಹಲಗೆ ಕಂಡರೆ ಮುಖ ಹಾಗಾಗುತ್ತದೆ.

“ಏನು ಕಾಯಿಲೆ?”

ಡೆನ್ಜಿಲ್ ಅದನ್ನು ಯೋಚಿಸಿರಲಿಲ್ಲ. ಉತ್ತರ ಹುಡುಕುತ್ತಿರುವಾಗ ಕುರಿಗಳ ಹಿಂದೆ ಒಂದು ಬಸ್ಸು ಬಂದು ನಿಂತು ಹಾರನ್ ಹೊಡೆಯಿತು. ಮರ್ವ್ ಓಡಿಸುವ ಮಿನಿಬಸ್ಸು ಅದು. ಒಳಗಿದ್ದವರು, ಹುಲ್ಲುಹಾಸಿನ ಮೇಲೆ ಚೆಂಡು ಉರುಳಿಸುವ ಆಟ ಆಡುವ ಹಿರಿಯರ ಸಂಘದ ಹದಿನಾಲ್ಕು ಮಂದಿ. ರಸ್ತೆ ಕಿರಿದು. ಕುರಿ ಮುಂದೆ ಹೋಗುವಂತಿಲ್ಲ, ಬಸ್ಸು ಹಿಂದೆ ಹೋಗುವಂತಿಲ್ಲ, ಬಸ್ಸಿನ ಹಿಂದೆ ಆಗಲೇ ಹುಲ್ಲಿನ ಲಾರಿ ಬಂದು ನಿಂತಿತ್ತು. ಹಿರಿಯರು ಒಬ್ಬೊಬ್ಬರಾಗಿ ಇಳಿದರು. ಯಾರಿಗೂ ಅವಸರವಿರಲಿಲ್ಲ. ಫ್ಲಾಸ್ಕಿನ ಚಹಾ ಬಗ್ಗಿಸಿಕೊಂಡು ಬೇಲಿಯುದ್ದಕ್ಕೂ ಸಾಲಾಗಿ ನಿಂತು ಹಲಗೆ ಓದಿದರು. ಡೆನ್ಜಿಲ್ ಕಾದಂಬರಿಯನ್ನು ಅಂಗಿಯೊಳಗೆ ತುರುಕಿ ಬೇಲಿಯ ಹತ್ತಿರ ಹೋದ.

“ಏನು ಕಾಯಿಲೆ ಅಂತ ಕೇಳಿದ್ರೆ ಹೇಳ್ತಾನೇ ಇಲ್ಲ” ಎಂದು ಗ್ವೆಂಡಾ ದೂರು ಕೊಟ್ಟಳು.

ಡೆನ್ಜಿಲ್ ಹುಲ್ಲಿನ ಕಡೆ ನೋಡಿದ. ಹತ್ತಿರದಲ್ಲೊಂದು ಮುದಿ ಕುರಿ ಮುಂಗಾಲು ಮಡಿಸಿ, ಮಂಡಿಯೂರಿ, ಪ್ರಾರ್ಥನೆಗೆ ಕೂತಂತೆ ಮೇಯುತ್ತಿತ್ತು. ಹತ್ತು ದಿನದಿಂದ ಅದು ಹಾಗೇ ಮೇಯುವುದನ್ನು ನೋಡಿ, ಇದಕ್ಕೂ ನನ್ನ ಹಾಗೆ ಕೂತು ಮಾಡುವ ಕೆಲಸವೇ ಇಷ್ಟ ಎಂದುಕೊಂಡಿದ್ದ.

“ಕಾಲು” ಅಂದ.

“ಯಾವ ಕಾಲು?”

“ಎಲ್ಲಾ ಕಾಲೂ.”

ಬೇಲಿಯುದ್ದಕ್ಕೂ ನಿಟ್ಟುಸಿರು ಹರಿಯಿತು. ಗ್ವೆಂಡಾ ಆಗಲೇ ಫೋನು ತೆಗೆದಿದ್ದಳು. “ಹೆಸ್ಟರ್ ಡಾಕ್ಟ್ರನ್ನ ಕರೀತೀನಿ.”

“ಡಾಕ್ಟ್ರು ಯಾಕೆ? ಸಣ್ಣದು. ಸಂಜೆಯೊಳಗೆ ವಾಸಿ ಆಗತ್ತೆ, ಬಿಡಿ.”

“ಸಣ್ಣದು ಅಂತೆ” ಎಂದು ಮರ್ವ್ ಹಿರಿಯರ ಕಡೆ ತಿರುಗಿದ. “ನಲವತ್ತು ವರ್ಷದ ಹಿಂದೆ ಆ ಗುಡ್ಡದ ಮೇಲಿನ ಕಾಲಿನ್ ಅನ್ನೋನೂ ಸಣ್ಣದು ಅಂತಾನೇ ಕುರಿ ರೋಗ ಮುಚ್ಚಿಟ್ಟ. ಆವತ್ತಿಂದ ಅವನನ್ನ ಒಬ್ಬರೂ ಮಾತಾಡ್ಸಿಲ್ಲ.”

“ಒಬ್ಬರೂನಾ?” ಎಂದು ಡೆನ್ಜಿಲ್ ಕೇಳಿದ.

“ಒಬ್ಬರೂ. ಮನೆ ಮುಂದೆ ಗಾಡಿನೂ ನಿಲ್ಸಲ್ಲ.”

ಒಂದು ಕ್ಷಣ ಡೆನ್ಜಿಲ್‌ಗೆ ಆ ಕಾಣದ ಕಾಲಿನ್ ಮೇಲೆ ಹೊಟ್ಟೆಕಿಚ್ಚಾಯಿತು. ಆಮೇಲೆ ಮೆಲ್ಲಗೆ ವಿಚಾರಿಸಿದ. “ಅಲ್ಲ ಮರ್ವ್, ಕಾಯಿಲೆ ಇಲ್ಲದೇನೇ ಯಾರಾದ್ರೂ ಇಂಥ ಹಲಗೆ ಹಾಕಿದ್ರೆ?”

“ಅಂಥೋನು ಇನ್ನೂ ಹುಟ್ಟಿಲ್ಲ ಮಾರಾಯ. ಹುಟ್ಟಿದ್ರೆ ಅವನಿಗೆ ಊರಂಗಡೀಲಿ ಬ್ರೆಡ್ ಸಿಗಲ್ಲ. ಅವನ ಹೆಂಡ್ತೀಗೂ ಸಿಗಲ್ಲ.”

ಹೆಂಡತಿ ಎಂದ ಕೂಡಲೇ ಡೆನ್ಜಿಲ್ ತಣ್ಣಗಾದ. ಹೋಬಾರ್ಟಿನಲ್ಲಿ ಎದುರು ಮನೆಯವರ ಹೆಸರೂ ಗೊತ್ತಿಲ್ಲದಿದ್ದ ರೋವೆನಾ ಇಲ್ಲಿ ಚರ್ಚಿನ ಹಾಡಿನ ಗುಂಪು ಸೇರಿ, ನಾಲ್ಕು ಮನೆಗೆ ಜ್ಯಾಮ್ ಕಳಿಸಿ, ಎಂಟು ತಿಂಗಳಲ್ಲಿ ಹತ್ತು ವರ್ಷ ಚಿಕ್ಕವಳಾಗಿದ್ದಳು. ಅವಳಿಗೆ ಬ್ರೆಡ್ ಸಿಗದಂತಾದರೆ ಮೂವತ್ತೆಂಟು ಡಬ್ಬವೂ ಒಲೆಗೆ ಹೋಗುತ್ತದೆ, ಅದರಲ್ಲಿ ಅನುಮಾನವಿಲ್ಲ.

“ಹೊಟ್ಟೆ ಯಾಕೆ ಹಿಡ್ಕೊಂಡಿದೀಯ?” ಎಂದು ಗ್ವೆಂಡಾ ಕೇಳಿದಳು. “ನಿನಗೂ ಬಂತಾ?”

ಕಾದಂಬರಿಯ ಮೂಲೆ ಪಕ್ಕೆಗೆ ಚುಚ್ಚುತ್ತಿತ್ತು. “ಇಲ್ಲ, ಇದು ಹಳೇದು” ಅಂದ.

ಡಾಕ್ಟರು ಬರುವುದು ಎರಡು ಗಂಟೆಗೆ ಎಂದು ತಿಳಿಯಿತು. ಅಷ್ಟರೊಳಗೆ ಕುರಿ ಹಿಡಿದಿಡಬೇಕು ಎಂದು ಬೇಲಿಯಾಚೆ ತೀರ್ಮಾನವಾಯಿತು. ಯಾರೂ ಒಳಗೆ ಕಾಲಿಡುವಂತಿಲ್ಲವಾದ್ದರಿಂದ ಹಿಡಿಯುವವನು ಡೆನ್ಜಿಲ್ ಒಬ್ಬನೇ, ಹೇಳಿಕೊಡುವವರು ಹದಿನಾರು ಜನ.

“ಎಡಕ್ಕೆ ಹೋಗು.”

“ಎಡಕ್ಕೆ ಬೇಡ, ಅದು ನಿನ್ನ ಕಣ್ಣು ನೋಡ್ತಿದೆ. ಬೇರೆ ಕಡೆ ನೋಡ್ತಾ ಹೋಗು.”

“ಕುರಿ ಥರ ನಡಿಯೋ.”

“ಅವನು ಕುರಿ ಥರಾನೇ ನಡೀತಿದಾನೆ, ಕುರಿಗೇ ಗುರುತು ಸಿಕ್ತಿಲ್ಲ.”

ಮಂಡಿಯೂರಿ ಮೇಯುತ್ತಿದ್ದ ಮುದಿ ಕುರಿ ಡೆನ್ಜಿಲ್ ಹತ್ತಿರ ಬಂದ ಕೂಡಲೇ ಕಾಲಿನ ನೋವು ಮರೆತು ಹುಡುಗಿಯಂತೆ ನೆಗೆಯಿತು. ಡೆನ್ಜಿಲ್ ಅದರ ಬೆನ್ನಿಗೆ ಬಿದ್ದ, ಆಮೇಲೆ ಅಲ್ಲಿಂದ ಕೆಸರಿಗೆ ಬಿದ್ದ. ಬಿದ್ದ ರಭಸಕ್ಕೆ ಅಂಗಿಯ ಗುಂಡಿ ಕಿತ್ತು ಕಾದಂಬರಿ ಹೊರಗೆ ಜಾರಿತು. ಕುರಿ ಓಡುತ್ತಿದ್ದರೂ ಅವನು ಮೊದಲು ಪುಸ್ತಕ ಎತ್ತಿಕೊಂಡು, ಬಾಣಂತಿ ಮಗುವಿನ ಮೂತಿ ಒರೆಸುವ ಹಾಗೆ ಅದನ್ನು ತೋಳಿನಿಂದ ಒರೆಸಿದ. ತಲೆಯೆತ್ತಿದರೆ ಬೇಲಿಯವರೆಲ್ಲ ಆ ಪುಸ್ತಕವನ್ನೇ ನೋಡುತ್ತಿದ್ದರು.

“ಅದೇನು?” ಎಂದಳು ಗ್ವೆಂಡಾ.

“ಪುಸ್ತಕ... ರೋಗದ್ದು.”

“ನೋಡಿದ್ರಾ” ಎಂದರು ಹಿರಿಯರಲ್ಲೊಬ್ಬರು, ಕನಿಕರದಿಂದ. “ಪಾಪ, ಓದಿ ಓದಿ ಔಷಧಿ ಮಾಡ್ತಿದಾನೆ.”

ಗ್ವೆಂಡಾ ಮಾತ್ರ ಏನೂ ಅನ್ನದೆ ಅವನನ್ನೇ ಬಹಳ ಹೊತ್ತು ನೋಡಿದಳು. ಅವಳು ಸುಮ್ಮನಿದ್ದದ್ದನ್ನು ಕಣಿವೆಯಲ್ಲಿ ಯಾರೂ ನೋಡಿರಲಿಲ್ಲ. ಸಿಕ್ಕಿಬಿದ್ದೆ ಎಂದುಕೊಂಡ ಡೆನ್ಜಿಲ್.

ಎರಡು ಗಂಟೆಗೆ ಹೆಸ್ಟರ್ ಡಾಕ್ಟರು ಬಂದಾಗ ಹುಲ್ಲಿನ ಲಾರಿಯ ಹಿಂದೆ ಇನ್ನೂ ನಾಲ್ಕು ಗಾಡಿ ಸೇರಿದ್ದವು. ಆಕೆ ರಬ್ಬರ್ ಬೂಟು ತೊಟ್ಟು, ಬೂಟಿನ ಮೇಲೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು, ಯಾರನ್ನೂ ಮಾತನಾಡಿಸದೆ ಒಳಗೆ ನಡೆದರು. ಮುದಿ ಕುರಿಯನ್ನು ಒಂದೇ ಕೈಯಲ್ಲಿ ಮಗುಚಿ ತೊಡೆಯ ಮೇಲೆ ಕೂರಿಸಿಕೊಂಡರು. ಡೆನ್ಜಿಲ್ ತನ್ನ ಬಾಳಿನ ಅತ್ಯಂತ ಕಷ್ಟದ ಮಾತಿಗೆ ಗಂಟಲು ಸರಿಮಾಡಿಕೊಂಡ. ಕೆಸರಿನಲ್ಲಿ ಬಿದ್ದು, ದನಿ ಸತ್ತು, ಊಟವಿಲ್ಲದೆ ನಿಂತವನಿಗೆ ನಿಜ ಹೇಳುವುದೇ ಸುಲಭ ಎನಿಸಿತ್ತು.

“ಡಾಕ್ಟ್ರೇ, ನಿಜ ಹೇಳ್ಬೇಕಂದ್ರೆ ಆ ಹಲಗೆ...”

“ಒಂದ್ನಿಮಿಷ ಪಾಸ್ಕೋ ಅವರೇ.” ಡಾಕ್ಟರು ಗೊರಸು ಕೆರೆದು ಮೂಸಿದರು. ಇನ್ನೊಂದು ಕುರಿ ಹಿಡಿದರು. ಆಮೇಲೆ ಮತ್ತೊಂದು. ಹತ್ತೊಂಬತ್ತೂ ಮುಗಿಸುವ ಹೊತ್ತಿಗೆ ಮೂರು ಗಂಟೆ. ಎದ್ದು ನಿಂತು ಬೇಲಿಗೆ ಕೇಳುವ ಹಾಗೆ ಹೇಳಿದರು. “ಗೊರಸು ಕೊಳೆಯೋ ರೋಗ. ಏಳಕ್ಕೆ ಇದೆ. ಈ ಒದ್ದೆ ನೆಲದಲ್ಲಿ ಬೆಂಕಿ ಥರ ಹರಡತ್ತೆ. ಇಷ್ಟು ಬೇಗ ಇದನ್ನ ಕಂಡುಹಿಡಿದೋರನ್ನ ನಾನು ನೋಡೇ ಇಲ್ಲ. ಇವರು ಹಲಗೆ ಹಾಕದೇ ಇದ್ದಿದ್ರೆ ಗ್ವೆಂಡಾ ಅವರ ಅರವತ್ಮೂರೂ ಬೆಳಿಗ್ಗೇನೇ ಒಳಗೆ ಬಂದಿರ್ತಿದ್ವು. ಆಮೇಲೆ ಇಡೀ ಕಣಿವೆ.”

ಬೇಲಿಯಲ್ಲಿ ಯಾರೋ ಟೋಪಿ ತೆಗೆದರು. ಮರ್ವ್ ಚಪ್ಪಾಳೆ ತಟ್ಟಿದ, ಹಿರಿಯರೆಲ್ಲ ತಟ್ಟಿದರು. ಗ್ವೆಂಡಾ ಕುರಿಯ ಉಣ್ಣೆಯಿಂದಲೇ ಕಣ್ಣೊರೆಸಿಕೊಂಡಳು.

“ನೀವೇನೋ ಹೇಳ್ತಿದ್ರಿ” ಎಂದರು ಡಾಕ್ಟರು.

“ಏನಿಲ್ಲ” ಎಂದ ಡೆನ್ಜಿಲ್. “ಹಲಗೆ ಅಕ್ಷರ ಸ್ವಲ್ಪ ದೊಡ್ಡದಾಗಿ ಬರೀಬೇಕಿತ್ತು ಅಂತ.”

ಡಾಕ್ಟರು ಅಪ್ಪಣೆ ಕೊಟ್ಟರು: ಬೆಳಿಗ್ಗೆ ಸಂಜೆ ಕುರಿಗಳನ್ನು ಮೈಲುತುತ್ತದ ನೀರಿನಲ್ಲಿ ನಡೆಸಬೇಕು. ಇಪ್ಪತ್ತೆಂಟು ದಿನ ಯಾರೂ ಒಳಗೆ ಬರುವಂತಿಲ್ಲ, ಡೆನ್ಜಿಲ್ ಹೊರಗೆ ಹೋಗುವಂತಿಲ್ಲ, ಒಳಗಿನದು ಹೊರಗೆ, ಹೊರಗಿನದು ಒಳಗೆ ಏನೂ ದಾಟಕೂಡದು. ಬ್ರೆಡ್ಡು, ಹಾಲು ಮಾತ್ರ ಗೇಟಿನ ಡಬ್ಬಕ್ಕೆ ಬರುತ್ತದೆ.

“ಮಿಕ್ಕ ಹೊತ್ತು ನಾನೇನು ಮಾಡ್ಲಿ?” ಎಂದು ಅವನು ಉಸಿರು ಬಿಗಿಹಿಡಿದು ಕೇಳಿದ.

“ಏನೂ ಇಲ್ಲ. ಬೇಲಿ ಕೆಲಸನೂ ಬೇಡ, ಮಣ್ಣು ತುಳಿದಷ್ಟೂ ಕಷ್ಟ. ಸುಮ್ನೆ ಜಗುಲೀಲಿ ಕೂತಿರಿ. ಬೇಜಾರಾಗತ್ತೆ, ಗೊತ್ತು.”

ಡೆನ್ಜಿಲ್ ಆದಷ್ಟು ಜೋಲುಮೋರೆ ಹಾಕಿದ. ರೋವೆನಾಗೆ ಫೋನು ಮಾಡಿದರೆ ಅವಳು, “ಅಯ್ಯೋ ಪಾಪ, ಹಾಗಾದ್ರೆ ನಾನು ತಂಗಿ ಮನೇಲೇ ಇರ್ತೀನಿ. ಎಂಥಾ ಕಣ್ಣೋ ನಿಂದು, ಹೆಮ್ಮೆ ಆಗತ್ತೆ” ಅಂದಳು. ಅವನು ಮೂವತ್ತು ವರ್ಷ ಪೆಟ್ಟಿಗೆ ಎಣಿಸಿದಾಗಲೂ ಅವಳ ಬಾಯಲ್ಲಿ ಈ ಮಾತು ಬಂದಿರಲಿಲ್ಲ.

ಹಿಂದಿನ ಗಾಡಿಗಳೂ ಲಾರಿಯೂ ಹಿಂದೆ ಸರಿದವು, ಕುರಿಗಳು ತಿರುಗಿದವು, ಬಸ್ಸು ಹೋಯಿತು. ನಾಲ್ಕು ಗಂಟೆಯ ಬಿಸಿಲಿನಲ್ಲಿ ಕಣಿವೆ ನಿಶ್ಶಬ್ದವಾಯಿತು. ಡೆನ್ಜಿಲ್ ಸ್ನಾನ ಮಾಡಿ, ಒಣಗಿದ ಚೊಕ್ಕ ಅಂಗಿ ತೊಟ್ಟು, ಮೂವತ್ತೆಂಟರಲ್ಲಿ ಒಂಬತ್ತು ಡಬ್ಬಗಳನ್ನು ಜಗುಲಿಗೆ ಎಳೆದುಕೊಂಡ. ದಿನಕ್ಕೊಂದು ಪುಸ್ತಕವೆಂದರೆ ಇಪ್ಪತ್ತೆಂಟು. ಸಣ್ಣವಾದರೆ ಐವತ್ತು. ಕೂತು ಹನ್ನೆರಡನೇ ಪುಟ ಬಿಚ್ಚಿದ. ಕಾವಲುಗಾರ ಮತ್ತೆ ಮೆಟ್ಟಿಲಿಳಿದು ಬಂದು ಬಾಗಿಲಿಗೆ ಕೈ ಹಾಕಿದ.

ಬೇಲಿಯ ಹತ್ತಿರ ಏನೋ ಕರ್ರೆಂದಿತು.

ಗ್ವೆಂಡಾ ಮಡಿಸುವ ಕುರ್ಚಿಯೊಂದನ್ನು ರಸ್ತೆ ಬದಿಯ ಹುಲ್ಲಿನಲ್ಲಿ ಬಿಡಿಸುತ್ತಿದ್ದಳು. ಪಕ್ಕದಲ್ಲಿ ಛತ್ರಿ, ಫ್ಲಾಸ್ಕು, ಒಂದು ಕೈಗಾಡಿ.

“ಕುರ್ಚಿ ಇಲ್ಲಿಗೆ ತಗೊಂಡು ಬಾಪ್ಪ” ಎಂದಳು. “ಇಪ್ಪತ್ತೆಂಟು ದಿನ ಒಬ್ಬನೇ. ನಮ್ಮ ಕುರಿ ಉಳಿಸಿದೋನನ್ನ ಹಾಗೆ ಬಿಟ್ಬಿಡ್ತೀವಾ? ಬಸ್ಸಿನ ಹತ್ರಾನೇ ನಿಂತು ಪಾಳಿ ಹಾಕಿದೀವಿ. ಬೆಳಿಗ್ಗೆ ಏಳರಿಂದ ಹತ್ತರವರೆಗೆ ಸಂಘದೋರು, ಇಬ್ಬಿಬ್ಬರು. ಊಟದ ಹೊತ್ತಿಗೆ ಮರ್ವ್. ಮಿಕ್ಕಿದ್ದೆಲ್ಲಾ ನಂದು.”

“ಅಷ್ಟೆಲ್ಲಾ ಯಾಕೆ ಗ್ವೆಂಡಾ ಅವರೇ” ಎಂದ ಡೆನ್ಜಿಲ್. “ನಾನು ಪುಸ್ತಕ ಓದ್ಕೊಂಡು ಇರ್ತೀನಿ.”

“ಅದೇ ಮತ್ತೆ. ನಾನು ನೋಡ್ದೆನಲ್ಲ, ಕೆಸರಲ್ಲಿ ಬಿದ್ರೂ ಕುರಿ ಬಿಟ್ಟು ಪುಸ್ತಕ ಒರೆಸಿದೆ. ರೋಗದ ಪುಸ್ತಕಕ್ಕೇ ಇಷ್ಟು ಪ್ರೀತಿ ಇದ್ರೆ ಒಳ್ಳೇ ಪುಸ್ತಕಕ್ಕೆ ಎಷ್ಟಿರಬೇಡ? ಇಂಥ ಮನುಷ್ಯನಿಗೋಸ್ಕರ ನಾನು ಹದಿನೆಂಟು ವರ್ಷ ಕಾದಿದೀನಿ.”

ಅವಳು ಕೈಗಾಡಿಯ ಮೇಲಿನ ಬಟ್ಟೆ ತೆಗೆದಳು. ಒಳಗೆ ಹನ್ನೊಂದು ದಪ್ಪ ನೋಟುಬುಕ್ಕು, ಹುಲ್ಲು ಕಟ್ಟುವ ದಾರದಲ್ಲಿ ಬಿಗಿದಿದ್ದವು.

“ನನ್ನ ಆತ್ಮಕಥೆ. ಈ ಕಣಿವೇಲಿ ಒಬ್ಬರೂ ಓದಲ್ಲ, ಯಾರನ್ನ ಕೇಳಿದ್ರೂ ಕೆಲಸ ಇದೆ ಅಂತ ಓಡ್ತಾರೆ. ನಿನ್ನ ಕೈಗೆ ಕೊಡೋಣ ಅಂದ್ರೆ ಬೇಲಿ ದಾಟಿಸೋ ಹಾಗಿಲ್ಲ ಅಂತ ಡಾಕ್ಟ್ರು ಹೇಳಿದಾರೆ. ಪರ್ವಾಗಿಲ್ಲ, ನಾನೇ ಗಟ್ಟಿಯಾಗಿ ಓದ್ತೀನಿ. ಮಧ್ಯೆ ಮಧ್ಯೆ ಪ್ರಶ್ನೆ ಕೇಳ್ತೀನಿ, ಗಮನ ಇಟ್ಟು ಕೇಳು.”

ಡೆನ್ಜಿಲ್ ಗೇಟು ನೋಡಿದ. ಹೊರಗೆ ಕಾಲಿಡುವಂತಿಲ್ಲ. ಬೆತ್ತದ ಕುರ್ಚಿಯನ್ನು ಎತ್ತಿಕೊಂಡು ಬಂದು ಬೇಲಿಯ ಈಚೆ ಇಟ್ಟು ಕೂತ.

“ನೀವು ಹುಟ್ಟಿದ ಕಡೆಯಿಂದಾನೇ ಶುರು ಮಾಡ್ತೀರಾ?” ಎಂದು ಕೇಳಿದ.

ಗ್ವೆಂಡಾ ಕನ್ನಡಕ ಏರಿಸಿ ಮೊದಲನೇ ನೋಟುಬುಕ್ಕು ಬಿಚ್ಚಿದಳು.

“ಅಷ್ಟು ಅವಸರ ಮಾಡ್ಬೇಡ. ನಾನು ಹುಟ್ಟೋದು ಐದನೇ ಪುಸ್ತಕದಲ್ಲಿ.”