ಸಾವಿನ ಮನೆಯ ಗಿಟಾರು

ಮನೆಗೆ ಬಂದುಹೋಗುವ ಸ್ನೇಹಿತರಿಂದ ಪ್ರತಿಯೊಬ್ಬ ಸಂಸಾರಿಗೂ ಏನಾದರೊಂದು ಪೇಚು ಇದ್ದೇ ಇರುತ್ತದೆ. ಕೆಲವರು ಸರಿಯಾಗಿ ಊಟದ ಹೊತ್ತಿಗೇ ಬರುತ್ತಾರೆ, ಕೆಲವರು ಕೂತರೆ ಏಳುವುದಿಲ್ಲ, ಇನ್ನು ಕೆಲವರು ಮಳೆಯಲ್ಲಿ ಒಯ್ದ ಕೊಡೆಯನ್ನು ಬೇಸಗೆ ಬಂದರೂ ತಂದುಕೊಡುವುದಿಲ್ಲ. ಇವನ್ನೆಲ್ಲ ನಾನು ನಗುನಗುತ್ತಾ ಸಹಿಸಬಲ್ಲೆ. ನನ್ನ ಪಾಲಿಗೆ ಬಂದ ಕಾಟವೇ ಬೇರೆ. ನನ್ನ ಸ್ನೇಹಿತ ಚಲುವ ಗಿಟಾರನ್ನು ಹೆಗಲಿಗೆ ಹಾಕಿಕೊಂಡು ಹುಣಸೂರಿನ ನಮ್ಮ ಬೀದಿಗೆ ಕಾಲಿಟ್ಟರೆ ಸಾಕು, ಜನ ಬಾಗಿಲಿಗೆ ಬಂದು ಮೇಷ್ಟ್ರ ಮನೆಯಲ್ಲಿ ಯಾರು ಹೋದರು ಎಂದು ಕೇಳತೊಡಗುತ್ತಾರೆ. ಒಂದು ಸಲ ಎದುರುಮನೆಯವರು ಹೆಣ ಎತ್ತುವವರೆಗೆ ಒಲೆ ಹಚ್ಚಬಾರದೆಂದು ಮಧ್ಯಾಹ್ನದವರೆಗೆ ಉಪವಾಸ ಕೂತಿದ್ದರಂತೆ. ಆ ಹೊತ್ತಿನಲ್ಲಿ ನಾವು ಒಳಗೆ ಉಪ್ಪಿಟ್ಟು ತಿನ್ನುತ್ತಿದ್ದೆವು.

ಚಲುವನೂ ನಾನೂ ಬಿಳಿಕೆರೆಯ ಹತ್ತಿರದ ಒಂದೇ ಹಳ್ಳಿಯವರು. ಅವನು ಚಿಕ್ಕವನಿದ್ದಾಗಲೇ ಅವನಪ್ಪ ತೀರಿಕೊಂಡದ್ದರಿಂದ ಅವನು ತನ್ನ ಮನೆಗಿಂತ ನಮ್ಮ ಮನೆಯಲ್ಲೇ ಹೆಚ್ಚು ಉಂಡವನು. ನಮ್ಮಪ್ಪ ಬೇಸಾಯಗಾರರು, ಭಜನೆಮನೆಯಲ್ಲಿ ತಂಬೂರಿ ಹಿಡಿದು ತತ್ವಪದ ಹಾಡುವವರು. ನಮ್ಮಿಬ್ಬರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಲು ನೋಡಿದರು. ಚಲುವ ಕಲಿತ. ನನ್ನ ಗಂಟಲು ಕೇಳಿದ ಮೇಲೆ ಅಪ್ಪ ನನ್ನನ್ನು ಚೆನ್ನಾಗಿ ಓದಿಸಬೇಕೆಂದು ನಿರ್ಧಾರ ಮಾಡಿದರು.

ಮೈಸೂರಿನಲ್ಲಿ ಪಿಯುಸಿ ಓದುವಾಗ ಇಬ್ಬರೂ ಒಂದೇ ಕೋಣೆಯಲ್ಲಿದ್ದೆವು. ನಾನು ಪಾಸಾಗಿ, ಮುಂದೆ ವಿಜ್ಞಾನದ ಮೇಷ್ಟ್ರಾದೆ. ಅವನು ಫೇಲಾಗಿ, ಬೆಂಗಳೂರಿನ ಹೋಟೆಲೊಂದರಲ್ಲಿ ಇಂಗ್ಲಿಷ್ ಹಾಡು ಹಾಡುವ ತಂಡಕ್ಕೆ ಸೇರಿ ಗಿಟಾರು ಕಲಿತ. ಅರವತ್ತರ ದಶಕ ಮುಗಿಯುವ ಹೊತ್ತಿಗೆ ಗೋವಾದಲ್ಲಿ ಹಿಪ್ಪಿಗಳ ಜತೆ ಇದ್ದಾನೆಂದು ಸುದ್ದಿ ಬಂತು. ಟಿಬೆಟಿನವರನ್ನು ನೋಡಲು ಬೈಲಕುಪ್ಪೆಗೆ ಹೊರಟ ಹಿಪ್ಪಿಗಳ ಜತೆ ಕೊನೆಗೆ ಅವನೇ ಬಂದ. ಅವರಲ್ಲೊಬ್ಬ ಬಿಳಿ ಹುಡುಗನಿಗೆ ಅಲ್ಲಿ ಕಾಮಾಲೆಯಾಗಿ, ಉಳಿದವರೆಲ್ಲ ಶಾಂತಿ ಹುಡುಕಿಕೊಂಡು ಮುಂದೆ ಹೋದರು. ಚಲುವ ನಿಂತು, ನೆಲನೆಲ್ಲಿ ಅರೆದು ಕುಡಿಸಿ ಅವನನ್ನು ಬದುಕಿಸಿದ. ಹುಡುಗ ತನ್ನ ದೇಶಕ್ಕೆ ವಾಪಸು ಹೊರಟಾಗ ಗಿಟಾರನ್ನು ಇವನಿಗೆ ಕೊಟ್ಟುಹೋದ. ಭುಜದವರೆಗೆ ಕೂದಲು ಬಿಟ್ಟು, ಕೊರಳಿಗೆ ಮಣಿಸರ ಹಾಕಿಕೊಂಡು ಹಳ್ಳಿಗೆ ಬಂದವನನ್ನು ನಮ್ಮಪ್ಪ ಮೇಲಿನಿಂದ ಕೆಳಗಿನವರೆಗೆ ನೋಡಿ, ತಲೆಗೆ ಎಣ್ಣೆ ಹಚ್ಚಿಕೊಂಡು ಊಟಕ್ಕೆ ಕೂರು ಎಂದಷ್ಟೇ ಹೇಳಿದರು.

ತತ್ವಪದದ ಧಾಟಿಗೆ ಗಿಟಾರು ಕೂಡಿಸಿ, ಯುದ್ಧ, ಜಾತಿ, ಸರ್ಕಾರ ಎಲ್ಲದರ ಮೇಲೂ ಹಾಡು ಕಟ್ಟಿ ನಮ್ಮ ನಾಲ್ಕು ತಾಲ್ಲೂಕುಗಳನ್ನು ಎಬ್ಬಿಸಬೇಕೆಂಬುದು ಅವನ ಹಟ. ತಾಲ್ಲೂಕುಗಳು ಏಳಲಿಲ್ಲ. ಪಿರಿಯಾಪಟ್ಟಣದ ಬಸ್ ಸ್ಟ್ಯಾಂಡಿನಲ್ಲಿ ಹಾಡಲು ನಿಂತಾಗ, ಇದು ಕುಟುಂಬ ಯೋಜನೆಯ ಪ್ರಚಾರವೆಂದುಕೊಂಡು ಗಂಡಸರೆಲ್ಲ ಜಾಗ ಖಾಲಿ ಮಾಡಿದರು. ಎಚ್.ಡಿ. ಕೋಟೆಯ ಸಂತೆಯಲ್ಲಿ ಒಬ್ಬ ಮುದುಕ ಕೊನೆಯವರೆಗೂ ನಿಂತು ಕೇಳಿದ. ಚಲುವನಿಗೆ ಕಣ್ಣು ತುಂಬಿಬರುವಷ್ಟರಲ್ಲಿ ಆ ಮುದುಕ, ಆಯ್ತಲ್ಲ, ಈಗ ಔಷಧಿ ಹೊರಗೆ ತೆಗಿ ಅಂದ. ಕೆ.ಆರ್. ನಗರದ ಮದುವೆಯೊಂದಕ್ಕೆ ನಾನೇ ಅವನನ್ನು ಒಪ್ಪಿಸಿ ಕರೆದುಕೊಂಡುಹೋಗಿದ್ದೆ. ಎರಡನೆಯ ಹಾಡಿಗೆ ಬ್ಯಾಂಡ್ ಸೆಟ್ಟಿನವರು ಬಂದು ಅವನ ಮುಂದೆಯೇ ನಿಂತು ಊದತೊಡಗಿದರು.

ಹೀಗಿರುವಾಗ ರಾವಂದೂರಿನ ಕಡೆ ಒಬ್ಬ ದೊಡ್ಡ ಯಜಮಾನರು ತೀರಿಕೊಂಡರು. ಬೊಂಬಾಯಿಯಲ್ಲಿದ್ದ ಮಗ ಬರುವವರೆಗೆ ಹೆಣ ಕಾಯಬೇಕು, ಭಜನೆಯವನಿಗೋ ಗಂಟಲು ಕಟ್ಟಿತ್ತು. ಬಸ್ಸಿಗೆ ಕಾಯುತ್ತಿದ್ದ ಚಲುವನನ್ನು ಯಾರೋ ಹಿಡಿದು ತಂದು ಕೂರಿಸಿದರು. ಯುದ್ಧಕ್ಕೆ ಹೋದ ಮಗನ ದಾರಿ ಕಾಯುವ ತಾಯಿಯ ಮೇಲೆ ಅವನದೊಂದು ಹಾಡಿತ್ತು. ಅದನ್ನು ಹಾಡಿದ. ಅಲ್ಲಿಯವರೆಗೆ ಆಸ್ತಿಯ ಮಾತಾಡುತ್ತಿದ್ದ ಮನೆಯವರೆಲ್ಲ ಬಿದ್ದು ಬಿದ್ದು ಅತ್ತರು. ಅಂದಿನಿಂದ ಚಲುವನಿಗೆ ಬಿಡುವಿಲ್ಲದಂತಾಯಿತು. ನಾಲ್ಕು ತಾಲ್ಲೂಕಿನಲ್ಲಿ ಯಾರು ಸತ್ತರೂ ಅವನಿಗೆ ಕರೆ. ಊಟ, ಬಸ್ ಚಾರ್ಜು, ಕೆಲವು ಕಡೆ ಒಂದು ಪಂಚೆ. ಜತೆಗೆ ಅವನ ಮುಖ ಕಂಡರೆ ಜನ ಹೆದರುವುದೂ ಶುರುವಾಯಿತು. ಬಸ್ಸಿನಲ್ಲಿ ಕಂಡಕ್ಟರು ಟಿಕೆಟು ಹರಿಯುವ ಮೊದಲು ಇವತ್ತು ಯಾರದು ಎಂದು ಕೇಳುತ್ತಿದ್ದ. ಬಿಳಿಕೆರೆಯ ಹೋಟೆಲಿನಲ್ಲಿ ಇವನು ಎದುರಿಗೆ ಬಂದು ಕೂತನೆಂದು ಒಬ್ಬ ಹಿರಿಯರು ಅರ್ಧ ದೋಸೆ ಬಿಟ್ಟು ಎದ್ದುಹೋದರಂತೆ. ಕಾಯಿಲೆಯವರಿದ್ದ ಮನೆಗಳಲ್ಲಂತೂ ಅವನು ದಾಟಿಹೋಗುವವರೆಗೆ ಬಾಗಿಲು ಹಾಕುತ್ತಿದ್ದರು. ಇದನ್ನೆಲ್ಲ ನಾನು ಸ್ಟಾಫ್ ರೂಮಿನಲ್ಲಿ ಹೇಳಿ ನಗಿಸುತ್ತಿದ್ದೆ. ಒಂದು ದಿನ ಚಲುವ ನನ್ನ ಜಗಲಿಯಲ್ಲಿ ಕೂತು, "ನನ್ ಹಾಡ್ನ ಬದುಕಿರೋನು ಒಬ್ನೂ ನಂಗೋಸ್ಕರ ಕೇಳಿಲ್ಲ ಕಣ್ಲಾ" ಅಂದ. ಆಮೇಲೆ ಆ ಕಥೆಗಳನ್ನು ಹೇಳುವುದು ನನಗೆ ಕಷ್ಟವಾಯಿತು.

ಆ ವರ್ಷವೇ ಅಪ್ಪನಿಗೆ ಉಬ್ಬಸ ಹೆಚ್ಚಾಗಿ ಹುಣಸೂರಿಗೆ ಕರೆತಂದೆ. ಮೈಸೂರಿನ ಡಾಕ್ಟರು ಎದೆಗೆ ಕೊಳವೆಯಿಟ್ಟು ನೋಡಿ, ಮನೆಯಲ್ಲೇ ಚೆನ್ನಾಗಿ ನೋಡಿಕೊಳ್ಳಿ ಎಂದರು. ಡಾಕ್ಟರು ಅಷ್ಟು ಮೃದುವಾಗಿ ಮಾತಾಡಿದರೆ ಅರ್ಥವೇನೆಂದು ಯಾರಿಗಾದರೂ ಗೊತ್ತಾಗುತ್ತದೆ. ಚಲುವ ಎರಡು ದಿನಕ್ಕೊಮ್ಮೆ ನೋಡಲು ಬರತೊಡಗಿದ. ಗಿಟಾರು ಹೊಸ್ತಿಲು ದಾಟಕೂಡದೆಂದು ನನ್ನ ಹೆಂಡತಿ ಜಯಮ್ಮ ಹಟ ಹಿಡಿದಳು. ಗೂಬೆ ಕೂಗಿದರೆ ಸಾವು ಬರುವುದಿಲ್ಲ, ಬೆಕ್ಕು ಅಡ್ಡ ಬಂದರೆ ಬೆಕ್ಕಿಗೇ ಅಪಾಯ ಎಂದು ಒಂಬತ್ತನೆಯ ಕ್ಲಾಸಿನವರಿಗೆ ಭಾಷಣ ಬಿಗಿಯುವ ನಾನು ಅವಳಿಗೆ ಬುದ್ಧಿ ಹೇಳಬೇಕಿತ್ತು. ಹೇಳಲಿಲ್ಲ. ಅವಳು ಹೇಳಿದ್ದು ನನಗೂ ಬೇಕಾಗಿತ್ತು. ಬರುವಾಗ ಗಿಟಾರನ್ನು ಬಸ್ ಸ್ಟ್ಯಾಂಡಿನ ಹತ್ತಿರದ ಸೈಕಲ್ ಶಾಪಿನಲ್ಲಿ ಬಿಟ್ಟು ಬಾ ಎಂದು ಚಲುವನಿಗೆ ಹೇಳಿದೆ. ಅವನು ಗಿಟಾರು ಬಿಟ್ಟು ಬಂದು, ಅಪ್ಪನ ಕಾಲೊತ್ತುತ್ತಾ ಕೂತ.

ಅಪ್ಪನಿಗೆ ಇದು ಗೊತ್ತಾಗದೇ ಇರುತ್ತದೆಯೇ? ಒಂದು ಬೆಳಿಗ್ಗೆ ನಾನು ಶಾಲೆಗೆ ಹೊರಡುವಾಗ ಕರೆದು, ಚಲುವ ಯಾಕೆ ಬರಿಗೈಲಿ ಬರುತ್ತಾನೆ, ಹಾಡಿಸು ಅವನನ್ನ ಅಂದರು. ಮುಂದಿನ ವಾರ ನೋಡೋಣ, ಈಗ ನಿಮಗೆ ಆಯಾಸ ಎಂದೆ. ಅಪ್ಪ ಸ್ವಲ್ಪ ಹೊತ್ತು ಉಸಿರು ಎಳೆದುಕೊಂಡರು.

"ಸತ್ ಮೇಲೆ ಕರ್ಸೇ ಕರುಸ್ತೀಯಲ್ಲ, ಆಗ ನಂಗೆ ಕೇಳುಸ್ತದ್ಲಾ?"

ಆ ಭಾನುವಾರ ನಾನೇ ಸೈಕಲ್ ಶಾಪಿಗೆ ಹೋಗಿ ಚಲುವನನ್ನೂ ಗಿಟಾರನ್ನೂ ಕರೆದುಕೊಂಡು ಬಂದೆ. ಬೀದಿಯ ಬಾಗಿಲುಗಳು ಒಂದೊಂದಾಗಿ ತೆರೆದುಕೊಂಡವು. ಜಯಮ್ಮ ತಡೆಯಲಿಲ್ಲ, ಆದರೆ ತನ್ನ ಕಡೆಯಿಂದ ಒಂದು ಬಂದೋಬಸ್ತು ಇರಲಿ ಎಂದು ಉಪ್ಪು, ಒಣಮೆಣಸಿನಕಾಯಿ ಹಿಡಿದು ಅಪ್ಪನಿಗೆ ದೃಷ್ಟಿ ತೆಗೆದು ಕೆಂಡಕ್ಕೆ ಹಾಕಿದಳು. ಕೆಟ್ಟ ದೃಷ್ಟಿ ಇದ್ದರೆ ಮೆಣಸಿನಕಾಯಿ ಘಾಟು ಬರುವುದಿಲ್ಲ ಎನ್ನುವುದು ಅವಳದೇ ಶಾಸ್ತ್ರ. ಅವತ್ತು ಬಂದ ಘಾಟಿಗೆ ಇಡೀ ಮನೆಯೇ ಕೆಮ್ಮಿತು. ಉಬ್ಬಸದ ಅಪ್ಪನ ಮುಖ ನೀಲಿಯಾಯಿತು. ಕಣ್ಣು ಮೇಲಾದವು. ಚಲುವ ಇನ್ನೂ ತಂತಿ ಮುಟ್ಟಿರಲಿಲ್ಲ, ಆದರೂ ನಾನು ಗಿಟಾರಿನ ಕಡೆ ಹೇಗೆ ನೋಡಿದೆನೋ, ಅವನು ಅದನ್ನು ಬೆನ್ನ ಹಿಂದೆ ಸರಿಸಿಬಿಟ್ಟ. ಆ ನೋಟವನ್ನು ಅವನು ಮರೆತಿದ್ದಾನೆಯೇ ಎಂದು ನಾನು ಕೇಳಿಲ್ಲ. ಕೇಳುವ ಧೈರ್ಯವಿಲ್ಲ.

ಚಲುವನೇ ಅಪ್ಪನನ್ನು ಎತ್ತಿಕೊಂಡು ಹಿತ್ತಲಿಗೆ ಓಡಿದ. ಗಾಳಿಗೆ ಕೂರಿಸಿ ಬೆನ್ನು ನೀವಿದ ಮೇಲೆ ಉಸಿರು ಬಂತು. ಬಾಗಿಲಲ್ಲಿ ಅಳುತ್ತಾ ನಿಂತಿದ್ದ ಜಯಮ್ಮನನ್ನು ಅಪ್ಪ ಹತ್ತಿರ ಕರೆದರು. "ಸಾಯ್ಸೋದು ಮೆಣ್ಸಿನ್ಕಾಯಿ ಕಣವ್ವ, ಹಾಡಲ್ಲ" ಅಂದರು. ಆಮೇಲೆ ಚಲುವನ ಕಡೆ ತಿರುಗಿ, ಶುರು ಮಾಡು ಎಂದು ಕೈ ಆಡಿಸಿದರು.

ಅವನು ಹಾಡಿದ, ಅದೇ ತಾಯಿಯ ಹಾಡು. ಅಪ್ಪ ಕಣ್ಣು ಮುಚ್ಚಿ ಕೊನೆಯವರೆಗೂ ಕೇಳಿದರು. ತಂತಿ ಸ್ವಲ್ಪ ಜಾಸ್ತಿಯಾಯಿತು, ಆದರೂ ಧಾಟಿ ನಮ್ಮದೇ ಅಂದರು. ಚಲುವ ಅವರ ಮಂಡಿಗೆ ಹಣೆಯಿಟ್ಟು ಗಳಗಳನೆ ಅತ್ತ. ನೂರಾರು ಜನರನ್ನು ಅಳಿಸಿದವನು ಅತ್ತದ್ದನ್ನು ನಾನು ಅದೇ ಮೊದಲು ನೋಡಿದ್ದು.

ಅಪ್ಪ ಅದಾದ ಮೇಲೂ ಒಂದು ತಿಂಗಳು ಇದ್ದರು. ಕಾಫಿ ಕುಡಿಯುತ್ತಿದ್ದವರು ಲೋಟ ಕೆಳಗಿಟ್ಟು ಹೋಗಿಬಿಟ್ಟರು. ಜಗಲಿ ತುಂಬಾ ನೆಂಟರು. ಗಿಟಾರಿನವನು ಯಾವಾಗ ಬರುತ್ತಾನೆಂದು ಎಲ್ಲರೂ ದಾರಿ ನೋಡಿದರು. ಚಲುವ ಬಂದ, ಬರಿಗೈಲಿ. ಚಟ್ಟ ಕಟ್ಟುವವರ ಜತೆ ಕೂತು ಬಿದಿರು ಸೀಳತೊಡಗಿದ. ಕಂಡಕಂಡವರಿಗೆಲ್ಲ ಹಾಡಿದವನು ಅನ್ನ ಹಾಕಿದ ಮನೆಗೆ ಹಾಡಬಾರದೇ ಎಂದು ನೆಂಟರು ಗೊಣಗಿದರು. ನನಗೂ ರೇಗಿತು. ಅವನನ್ನು ಹಿತ್ತಲಿಗೆ ಎಳೆದುಕೊಂಡುಹೋಗಿ, ನಾಲ್ಕು ಜನರೆದುರು ನನ್ನ ಮಾನ ಕಳೆಯಬೇಡ ಎಂದೆ.

"ಅಪ್ಪಾವ್ರು ಕೇಳಾಯ್ತಲ್ಲ ಕಣ್ಲಾ. ಇನ್ ಯಾರ್ಗೆ ಹಾಡ್ಲಿ? ನಿಂಗ್ ಬೇಕಾ?"

ನನಗಲ್ಲ, ನೆಂಟರಿಗೋಸ್ಕರ ಎಂದು ಹೇಳಲು ಬಾಯಿ ತೆರೆದೆ. ಹೂಂ ಎಂದುಬಿಟ್ಟೆ. ಅವನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ನನ್ನನ್ನು ಕೂರಿಸಿಕೊಂಡು, ಹೆಗಲ ಮೇಲೆ ಕೈಹಾಕಿ, ಗಿಟಾರಿಲ್ಲದೆ ಮೆಲ್ಲಗೆ ಹಾಡಿದ. ಬೆಳಗಿನಿಂದ ನೆಂಟರ ಕಾಫಿ, ಸೌದೆ, ಜಾಗ ಎಂದು ಓಡಾಡುತ್ತಿದ್ದ ನನಗೆ ಅಪ್ಪ ಇಲ್ಲ ಎನ್ನುವುದು ಆಗ ಗೊತ್ತಾಯಿತು. ಚಟ್ಟ ಸಿದ್ಧವಾಯಿತೆಂದು ಕರೆಯಲು ಬಂದ ಜಯಮ್ಮ ಕರೆಯದೆ ಅಲ್ಲೇ ನಿಂತಿದ್ದಳು.

ಆ ದಿನದಿಂದ ಚಲುವ ಸಾವಿನ ಮನೆಗೆ ಹಾಡಲು ಹೋಗುವುದನ್ನು ಬಿಟ್ಟಿದ್ದಾನೆ. ಈಗ ಬೈಲಕುಪ್ಪೆಯಲ್ಲಿ ಟಿಬೆಟಿನವರ ಸ್ವೆಟರ್ ಅಂಗಡಿಯಲ್ಲಿದ್ದಾನೆ. ಹಾಡು ಏನಿದ್ದರೂ ಜೀವ ಇರುವವರಿಗೆ ಎನ್ನುತ್ತಾನೆ, ಜೀವ ಇರುವವರಾರೂ ಕರೆಯುವುದಿಲ್ಲ. ಕರೆಯುವವಳು ಜಯಮ್ಮ ಒಬ್ಬಳೇ. ಮಾವ ಒಂದು ತಿಂಗಳು ಹೆಚ್ಚಿಗೆ ಬದುಕಿದ್ದು ಆ ಹಾಡಿನಿಂದಲೇ ಎಂದು ಅವಳು ಈಗ ಬಲವಾಗಿ ನಂಬಿದ್ದಾಳೆ. ನನಗೆ ಒಂದು ಸೀನು ಬಂದರೂ ಬಸ್ ಕಂಡಕ್ಟರ ಕೈಲಿ ಬೈಲಕುಪ್ಪೆಗೆ ಸುದ್ದಿ ಹೋಗುತ್ತದೆ, ಮರುದಿನ ಬೆಳಿಗ್ಗೆ ಜಗಲಿಯಲ್ಲಿ ಅವನು ತಂತಿ ಬಿಗಿಯುವ ಸದ್ದು ಕೇಳುತ್ತದೆ. ಶ್ರುತಿ ಕೂಡಿಸಲು ಅವನಿಗೆ ಅರ್ಧ ಗಂಟೆ ಬೇಕು. ಅಷ್ಟರಲ್ಲಿ ವಿಜ್ಞಾನದ ಮೇಷ್ಟ್ರಾದ ನಾನು ಹಾಸಿಗೆಯಿಂದ ಎದ್ದು, ಮುಖಕ್ಕೆ ನೀರು ಹಾಕಿಕೊಂಡು, ಹಿತ್ತಲ ಬಾಗಿಲಿನಿಂದ ಸೈಕಲ್ ತಳ್ಳಿಕೊಂಡು ಶಾಲೆಗೆ ಪರಾರಿಯಾಗಿರುತ್ತೇನೆ. ಮೈಮೇಲೆ ಜ್ವರವಿದ್ದರೂ ರಜೆ ಹಾಕದ ಮೇಷ್ಟ್ರೆಂದು ಮೊನ್ನೆ ಪ್ರಾರ್ಥನೆಯ ಹೊತ್ತಿನಲ್ಲಿ ಹೆಡ್ಮಾಸ್ಟರು ಎಲ್ಲ ಮಕ್ಕಳೆದುರು ನನ್ನನ್ನು ಹೊಗಳಿದರು.