ನಮ್ಮವರ ಹಕಾರ ಮತ್ತು ಲಿಬ್ರವಿಲ್ ಪ್ರವಾಸ

೨೦೨೩, ಮಾರ್ಚ್ ೧೧, ಶನಿವಾರ. ನನ್ನ ದಿನಚರಿಯಲ್ಲಿ ಹೀಗಿದೆ: ‘ಭೂಮಧ್ಯರೇಖೆಯ ಮೇಲೆ ನಿಂತು ಬರುವುದೆಂದು ತೀರ್ಮಾನ. ಮಕ್ಕಳಿಗೆ ತಿಳಿಸುವುದು. ಕೇಳುವುದಲ್ಲ.’

ನಾನು ಏನಾದರೂ ತೀರ್ಮಾನ ಮಾಡಿದೆನೆಂದರೆ ಸಾಕು, ನಮ್ಮ ಮನೆಯಲ್ಲಿ ನಗೆಪಾಟಲಿನ ಪ್ರಸಂಗಗಳು ಒಂದರ ಹಿಂದೊಂದು ಬರುತ್ತವೆ. ನನ್ನ ತೀರ್ಮಾನದಲ್ಲಿ ತಪ್ಪಿರುವುದಿಲ್ಲ. ಜೊತೆಗಿರುವವರು ಹಾಗೆ.

೧. ಮೊಮ್ಮಗಳ ಪ್ರಶ್ನೆ

ಮೈಸೂರಿನ ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿದವಳು ನಾನು. ಈಗ ಅಮೆರಿಕದ ಹರ್ನ್‌ಡನ್‌ನಲ್ಲಿ ಮನೆ. ಶಾರ್ಲಟ್ ನಗರದಿಂದ ಮಗಳ ಜೊತೆ ಬಂದಿದ್ದ ಮೊಮ್ಮಗಳಿಗೆ ಗ್ಲೋಬು ತಿರುಗಿಸಿ ಭೂಮಧ್ಯರೇಖೆ ತೋರಿಸಿದೆ. ಆ ಹುಡುಗಿ ಬೆರಳಿಟ್ಟು ನೋಡಿ, “ಅಜ್ಜಿ, ನೀವು ಇಲ್ಲಿ ರಿಯಲಿ ಹೋಗಿದೆಯಾ?” ಅಂದಳು.

“ಇಲ್ಲ ಪುಟ್ಟಿ.”

“ದೆನ್ ಹೌ ಡು ಯು ನೋ?”

ನನ್ನ ಅಷ್ಟು ವರ್ಷದ ಪಾಠ ಒಂದು ಪ್ರಶ್ನೆಗೆ ಮಕಾಡೆ ಮಲಗಿತು. ಅವತ್ತೇ ನಿಶ್ಚಯಿಸಿದೆ. ಕೀನ್ಯಾ, ಉಗಾಂಡಕ್ಕೆಲ್ಲ ನಮ್ಮ ಕನ್ನಡದವರು ಆಗಲೇ ಹೋಗಿ ಫೋಟೋ ಹಾಕಿದ್ದರು. ಗಬಾನ್ ದೇಶದ ರಾಜಧಾನಿ ಲಿಬ್ರವಿಲ್‌ಗೆ ಯಾರೂ ಹೋಗಿರಲಿಲ್ಲ. ರೇಖೆ ಅಲ್ಲಿಂದ ಹತ್ತಿರ. ಜುಲೈನಲ್ಲಿ ಮಳೆಯೂ ಇರುವುದಿಲ್ಲ.

ನಮ್ಮವರು ಪೇಪರಿನಿಂದ ತಲೆ ಎತ್ತಿ, “ಓಗೋಣ ಬಿಡು” ಅಂದರು. ಅವರು ಮಂಡ್ಯ ಕಡೆಯವರು. ಮದುವೆಯಾದಂದಿನಿಂದ ಅವರ ಹಕಾರ ತಿದ್ದುತ್ತಿದ್ದೇನೆ. ಹಾಲು ಇನ್ನೂ ಆಲೇ, ಹಾವು ಇನ್ನೂ ಆವೇ.

೨. ಟೋಲ್ ಇದೆಯಾ?

ಪಕ್ಕದೂರು ಶ್ಯಾಂಟಿಲಿಯ ಗೆಳತಿಗೆ ಫೋನಿನಲ್ಲಿ ಹೇಳಿದೆ, “ಜುಲೈನಲ್ಲಿ ನಾವು ಲಿಬ್ರವಿಲ್‌ಗೆ ಹೋಗ್ತಿದ್ದೀವಿ ಕಣೇ, ನಾಲ್ಕು ದಿನ.”

“ನಾಲ್ಕು ದಿನ ಯಾಕೆ? ಬೆಳಗ್ಗೆ ಹೋದ್ರೆ ಮಧ್ಯಾಹ್ನ ಬರಬಹುದು. ಇಲ್ಲೇ ನಮ್ಮ ಸೆಂಟರ್‌ವಿಲ್ ದಾಟಿದ ಮೇಲಲ್ವಾ?”

“ಹೂಂ, ಸ್ವಲ್ಪ ದಾಟಬೇಕು.”

“ಮಧ್ಯೆ ಟೋಲ್ ಇದೆಯಾ?”

“ಟೋಲ್ ಇಲ್ಲ. ಅಟ್ಲಾಂಟಿಕ್ ಸಾಗರ ಇದೆ.”

“ಹಂಗಾದ್ರೆ ಟ್ರಾಫಿಕ್ ಇರಲ್ಲ ಬಿಡು. ಬರ್ತಾ ಒಂದು ಕಟ್ಟು ಕರಿಬೇವು ಹಾಕ್ಕೊಂಡು ಬಾ” ಅಂದಳು.

೩. ಮನೆಯಲ್ಲಿ ಸೇಫಾ?

ಆ ದೇಶಕ್ಕೆ ಹೋಗಲು ಹಳದಿ ಜ್ವರದ ಚುಚ್ಚುಮದ್ದು ಕಡ್ಡಾಯ. ಕ್ಲಿನಿಕ್ಕಿನ ನರ್ಸು ಚುಚ್ಚುವ ಮೊದಲು, ಮನೆಯಲ್ಲಿ ಹೊಡೆತ ಬಡಿತ ಇದೆಯೇ ಎಂದು ಎಲ್ಲರನ್ನೂ ವಿಚಾರಿಸುವ ಇಲ್ಲಿನ ಪದ್ಧತಿಯಂತೆ, ನಮ್ಮವರನ್ನು ಕೇಳಿದಳು: “ನಿಮಗೆ ಮನೆಯಲ್ಲಿ ಸೇಫ್ ಅನ್ನಿಸುತ್ತಾ?”

ಇವರು ನನ್ನ ಕೈಲಿದ್ದ ಆಫ್ರಿಕಾ ಮ್ಯಾಪು ನೋಡಿ, ಇಂಗ್ಲಿಷಿನಲ್ಲೇ ಅಂದರು: “ಮನೆಯಲ್ಲಿ ಏನೂ ತೊಂದರೆ ಇಲ್ಲಮ್ಮ. ಆಚೆ ಕರೆದುಕೊಂಡು ಹೋಗ್ತಾಳಲ್ಲ, ಅಲ್ಲೇ.”

ನರ್ಸು ನನ್ನನ್ನು ಹೊರಗೆ ಕೂರಿಸಿದಳು.

೪. ಗಂಡಸರ ದನಿ

ಟಿಕೆಟ್ ತೆಗೆದದ್ದು ಮಗಳ ಖಾತೆಯಿಂದ. ಹಾಗಾಗಿ ಷರತ್ತು ಅವಳದು. “ಅಮ್ಮ, ಅಲ್ಲಿ ಏರ್‌ಪೋರ್ಟ್‌ಗೆ ಬಂದು ಕರ್ಕೊಂಡು ಹೋಗೋಕೆ ಒಬ್ಬರು ಇರಲೇಬೇಕು. ಶುಕ್ರವಾರದೊಳಗೆ ಕನ್ಫರ್ಮ್ ಮಾಡು. ಇಲ್ಲಾಂದ್ರೆ ಕ್ಯಾನ್ಸಲ್ ಮಾಡ್ತೀನಿ. ಸುಮ್ನೆ ಹೇಳ್ತಿಲ್ಲ.”

ನಾವು ಗೊತ್ತುಮಾಡಿದ ಅತಿಥಿಗೃಹದವರು ‘ಪಿಕಪ್ ಇಲ್ಲ, ಟ್ಯಾಕ್ಸಿ ಸಿಗುತ್ತದೆ’ ಎಂದು ಮೊದಲೇ ಬರೆದಿದ್ದರು. ಫೋನ್ ಮಾಡಿ ಒಪ್ಪಿಸೋಣವೆಂದು ಮೊಬೈಲಿನಲ್ಲಿ ಎರಡು ತಿಂಗಳಿಂದ ಕಲಿತ, ಆ ದೇಶದವರಾಡುವ ಫ್ರೆಂಚಿನಲ್ಲಿ ಒಂದು ವಾಕ್ಯ ಸಿದ್ಧ ಮಾಡಿದೆ. ಅದನ್ನು ಹೇಳಿದ್ದೇ ತಡ, ಆ ಕಡೆಯ ಮಾಲೀಕ ಸರಾಗವಾಗಿ ಶುರುಮಾಡಿದ. ನನಗೆ ತಲೆಬುಡ ತಿಳಿಯಲಿಲ್ಲ.

“ಕೊಡೇ ಇಲ್ಲಿ, ಗಂಡಸರ ದನಿ ಕೇಳಿದ್ರೆ ದಾರಿಗೆ ಬರ್ತಾರೆ” ಎಂದು ಇವರು ಫೋನ್ ಕಿತ್ತುಕೊಂಡರು. ಕಿತ್ತುಕೊಂಡು ಆಡಿದ್ದೇನು? ಮನೆಯಲ್ಲಿ ನಾನು ಮಾತಾಡುವಾಗ ಏನನ್ನುತ್ತಾರೋ ಅದೇ.

“ಊ.”

ಮಾಲೀಕ ಏನೋ ಹೇಳಿದ.

“ಊ... ಊ.”

ಅವನು ಮತ್ತೇನೋ ನಿಧಾನವಾಗಿ ಹೇಳಿದ.

“ಊ!”

ಅವನು ಇನ್ನೇನೋ ಕೂಗಿ ಹೇಳಿದ. ಕೊನೆಕೊನೆಗೆ ಅವನ ದನಿಯಲ್ಲಿ ಅಳುವಿತ್ತು.

“ರೀ, ಹೂಂ ಅನ್ನಿ, ಊ ಅಲ್ಲ” ಅಂತ ಪಕ್ಕದಿಂದ ತಿದ್ದಿದೆ.

“ಅವನಿಗೇನು ಕನ್ನಡ ಬರುತ್ತೇನೇ? ಸುಮ್ನಿರು” ಅಂದರು.

ಎಲ್ಲ ಕೆಟ್ಟಿತು ಅಂದುಕೊಂಡೆ. ಆದರೆ ಗುರುವಾರ ಬೆಳಗ್ಗೆ ಮಾಲೀಕನ ಇಮೇಲು ಬಂತು: ‘ಯಾವ ಚಿಂತೆಯೂ ಬೇಡ. ನಾನೇ ಖುದ್ದಾಗಿ ವಿಮಾನ ನಿಲ್ದಾಣಕ್ಕೆ ಬರುತ್ತೇನೆ. ದಯವಿಟ್ಟು ಯಜಮಾನರ ಕೈ ಬಿಡಬೇಡಿ.’ ಮಗಳಿಗೆ ಕಳಿಸಿದೆ. ಒಪ್ಪಿದಳು. ಇವರು ವಾರವಿಡೀ ಮೀಸೆ ತಿರುವುತ್ತ ಓಡಾಡಿದರು. “ನೋಡಿದ್ಯಾ? ಗಂಡಸರ ದನಿ.”

೫. ಲಿಬ್ರವಿಲ್

ವಿಮಾನ ಇಳಿದು ಹೊರಗೆ ಬಂದೆವು. ಭಾರಿ ಮೈಕಟ್ಟಿನ ಒಬ್ಬರು ದೊಡ್ಡ ಬೋರ್ಡು ಹಿಡಿದು ನಿಂತಿದ್ದರು. ಅದರ ಮೇಲೆ ನಮ್ಮ ಹೆಸರಿರಲಿಲ್ಲ. ‘ಮಿಸ್ಯೂ ಊ’ ಎಂದಿತ್ತು. ಅಂದರೆ ಶ್ರೀಮಾನ್ ಊ.

ಅವರೇ ಮಾಲೀಕರು. ಇಂಗ್ಲಿಷ್ ಚೆನ್ನಾಗಿಯೇ ಬರುತ್ತಿತ್ತು. ನಾವು ಕೇಳಿರಲಿಲ್ಲ, ಅಷ್ಟೆ. “ಅಮ್ಮಾ, ಫ್ರೆಂಚಿನಲ್ಲಿ ಊ ಅಂದರೆ ‘ಎಲ್ಲಿ?’ ಅಂತ. ನಾನು ವಿಳಾಸ ಹೇಳಿದೆ, ಎಲ್ಲಿ ಅಂದರು. ಬೀದಿ ಹೇಳಿದೆ, ಎಲ್ಲಿ ಅಂದರು. ಕೊನೆಗೆ ಆಫ್ರಿಕಾ ಅಂದೆ, ಆಗಲೂ ಎಲ್ಲಿ ಅಂದರು. ಅಂಥ ಮನುಷ್ಯನನ್ನು ಟ್ಯಾಕ್ಸಿಗೆ ಹತ್ತಿಸುವುದು ಹೇಗೆ?”

ಮಾರನೆಯ ದಿನ ಅವರೇ ಕಾರಿನಲ್ಲಿ ಭೂಮಧ್ಯರೇಖೆಗೆ ಕರೆದೊಯ್ದರು. ರಸ್ತೆಬದಿ ಒಂದು ಫಲಕ, ಸುತ್ತ ಕಾಡು. ಎರಡು ಕಾಲು ಎರಡು ಗೋಳಾರ್ಧದಲ್ಲಿಟ್ಟು ನಿಂತೆ. ಮೊಮ್ಮಗಳಿಗೆ ಹೇಳಲು ಉತ್ತರ ಸಿಕ್ಕಿತು. ಕಣ್ಣು ಒದ್ದೆಯಾಯಿತು. ಒರೆಸಿಕೊಂಡು, “ರೀ, ನೀವೂ ನಿಲ್ಲಿ, ಫೋಟೋ ತೆಗೀತೀನಿ” ಅಂದೆ.

ನಮ್ಮವರು ಗಂಭೀರವಾಗಿ ಬಂದು ರೇಖೆಯ ಮೇಲೆ ನಿಂತು ತಲೆ ಆಡಿಸಿದರು. “ಊ.”

ಮಾಲೀಕರು ಕಾರಿನಿಂದ ಓಡಿಬಂದು, ನೆಲಕ್ಕೆ ಕಾಲಿನಿಂದ ಒದ್ದೊದ್ದು ತೋರಿಸಿದರು: “ಇಲ್ಲಿ ಮಿಸ್ಯೂ, ಇಲ್ಲಿ! ಇಲ್ಲೇ!”

ಅವತ್ತಿನಿಂದ ನಮ್ಮವರ ಹಕಾರ ತಿದ್ದುವ ಅಧಿಕಾರ ನನ್ನ ಕೈತಪ್ಪಿದೆ. ಮಿಕ್ಕಂತೆ ದಿನಚರಿಯಲ್ಲಿರುವ ಖರ್ಚು: ಟಿಕೆಟ್, ವೀಸಾ, ಚುಚ್ಚುಮದ್ದು, ರೂಮು, ಊಟ ಸೇರಿ ಇಬ್ಬರಿಗೆ ಐದು ಸಾವಿರದ ಎಂಟುನೂರು ಡಾಲರ್. ಗೆಳತಿಗೆ ಕರಿಬೇವು, ಸೆಂಟರ್‌ವಿಲ್‌ನಲ್ಲಿ, ಎರಡು ಡಾಲರ್. ಏರ್‌ಪೋರ್ಟಿನಿಂದ ಟ್ಯಾಕ್ಸಿಗೆ ಏನೂ ಇಲ್ಲ.