ನೀರು ಕುಡಿಯಲೊಲ್ಲದ ಎಂಜಿನ್ ಸಾಹೇಬರಿಗೆ

ಶ್ರೀಮಾನ್ ಎಂಜಿನ್ ಸಾಹೇಬರ ಸನ್ನಿಧಿಗೆ,
ಎರಡು ಸೀಟಿನ ಹಗುರ ವಿಮಾನದ ಮೂತಿಯೊಳಗೆ,
ರನ್‌ವೇ ಪಕ್ಕದ ಕೊನೆಯ ತಗಡಿನ ಶೆಡ್ಡು.

ಮಾನ್ಯರೇ,

ತಾವೂ ತಮ್ಮ ಪ್ರೊಪೆಲ್ಲರ್ ಅವರೂ ಚಕ್ರಗಳ ಸಮೇತ ಸಕುಟುಂಬ ಕ್ಷೇಮವೆಂದು ನಂಬಿ, ನಮ್ಮ ಕಡೆಯಿಂದ ಎಲ್ಲರೂ ಬದುಕಿದ್ದೇವೆಂದು ತಿಳಿಸಲು ಸಂತೋಷಪಡುತ್ತೇನೆ. ಈ ಎರಡನೆಯ ಸಂಗತಿಯಲ್ಲಿ ತಮ್ಮ ಪಾತ್ರ ಎಷ್ಟು ಎಂಬ ಬಗ್ಗೆ ನಮ್ಮ ಮನೆಯಲ್ಲಿ ಭಿನ್ನಾಭಿಪ್ರಾಯವಿರುವುದರಿಂದಲೇ ಈ ಪತ್ರ. ನಾನು ತಮ್ಮ ಮಾಲೀಕರ ಹೆಂಡತಿ. ಕಳೆದ ತಿಂಗಳು ಬಲಗಡೆ ಸೀಟಿನಲ್ಲಿ ಕೂತು, ತಾವು ದಿಢೀರನೆ ಬಾಯಿ ಮುಚ್ಚಿದಾಗ ಬಾಯಿ ಬಿಟ್ಟವಳು.

ತಪ್ಪೆಲ್ಲ ತಮ್ಮದೇ ಎಂದು ನಮ್ಮ ಯಜಮಾನರು ಅಂದೇ ತೀರ್ಪು ಕೊಟ್ಟಿದ್ದಾರೆ. ಒಳ್ಳೆಯ ಮನೆತನದ ಎಂಜಿನ್ ಆದರೆ ಹಾಕಿದ್ದನ್ನು ಮರುಮಾತಾಡದೆ ಕುಡಿಯುತ್ತದಂತೆ, ತಾವು ಮಾತ್ರ ಮನೆಗೆ ಬಂದ ಬೀಗರ ಹಾಗೆ ಒಂದಿಲ್ಲೊಂದು ಕೊಂಕು ತೆಗೆಯುತ್ತೀರಂತೆ. ತಮ್ಮ ಊಟೋಪಚಾರದ ವಿವರ ತಮ್ಮ ಜೊತೆ ಬಂದ ಕೈಪಿಡಿಯಲ್ಲಿದೆ, ನಾನೇ ಓದಿದ್ದೇನೆ: ಹಳೆಯ ಕಾಲದ ವಿಮಾನಗಳಿಗೆ ಹಾಕುವ ಸೀಸದ ಪೆಟ್ರೋಲು ಅಪರೂಪಕ್ಕಾದರೆ ನಡೆಯುತ್ತದೆ, ದಿನಬಳಕೆಗೆ ಬೇಡ, ಒಳಗೆ ಮಡ್ಡಿ ಕಟ್ಟುತ್ತದೆ; ಕಾರಿಗೆ ಹಾಕುವ ಉತ್ತಮ ಪೆಟ್ರೋಲೇ ಒಳ್ಳೆಯದು, ಆದರೆ ಅದರಲ್ಲಿ ಆಲ್ಕೋಹಾಲ್ ಬೆರೆತಿರಬಾರದು, ಏಕೆಂದರೆ ಅದು ಗಾಳಿಯ ತೇವವನ್ನೆಲ್ಲ ಹೀರಿಕೊಂಡು ಟ್ಯಾಂಕಿನ ತಳದಲ್ಲಿ ನೀರು ಕೂರಿಸುತ್ತದೆ, ರಬ್ಬರನ್ನೂ ತಿನ್ನುತ್ತದೆ. ಯಜಮಾನರು ಈ ವಾಕ್ಯವನ್ನು ‘ಆದರೆ’ ತನಕ ಓದಿ ಪುಸ್ತಕ ಮುಚ್ಚಿದರು. ಅವರು ನನ್ನ ಮಾತನ್ನೂ ಹಾಗೆಯೇ ಕೇಳುವುದರಿಂದ ಇದರಲ್ಲಿ ತಮಗೆ ವಿಶೇಷ ಅವಮಾನವೇನೂ ಇಲ್ಲ.

ಹಾಗಂತ ಉಪಚಾರದಲ್ಲಿ ಕೊರತೆಯಾಯಿತೆಂದು ಮಾತ್ರ ದಯವಿಟ್ಟು ಹೇಳಬೇಡಿ. ಮನೆ ಹತ್ತಿರದ ಬಂಕಿನ ಆಲ್ಕೋಹಾಲ್ ಬೆರಕೆ ಪೆಟ್ರೋಲನ್ನು ಸ್ವತಃ ಕ್ಯಾನುಗಳಲ್ಲಿ ಹೊತ್ತು ತಂದು, ಸೋರುವ ಶೆಡ್ಡಿನಲ್ಲಿ, ಅದೂ ಒಂದಿಷ್ಟು ಉಸಿರಾಡಲಿ ಎಂದು ಮುಚ್ಚಳ ಸಡಿಲ ಬಿಟ್ಟು, ಇಡೀ ಮಳೆಗಾಲ ಜೋಪಾನ ಮಾಡಿದವರು ಅವರು. ಚಹಾದಲ್ಲಿ ಒಂದು ಚೂರು ಪುಡಿ ತೇಲಿದರೂ ಲೋಟ ಪಕ್ಕಕ್ಕೆ ಸರಿಸುವ ಈ ಮಹಾನುಭಾವರು, ತಮಗೆ ಬಡಿಸುವಾಗ ಜಾಲರಿ ಇಲ್ಲದ ಆಲಿಕೆಯನ್ನೇ ಹಿಡಿದರು. ಜಾಲರಿ ಇದ್ದರೆ ನಿಧಾನವಾಗುತ್ತದಂತೆ. ಫಿಲ್ಟರ್ ಬದಲಿಸಬೇಕಲ್ಲವೇ ಎಂದರೆ, ಹಳೆಯದು ಇನ್ನೂ ಅಲ್ಲೇ ಇದೆಯಲ್ಲ ಎಂದು ನನ್ನನ್ನೇ ಕೇಳಿದರು. ಅತ್ತೆಯವರಂತೂ ಮಗ ಚಿಕ್ಕಂದಿನಲ್ಲೇ ಗೋಡೆ ಗಡಿಯಾರ ಬಿಚ್ಚಿ ಹರಡಿದ್ದನ್ನು ಇವತ್ತಿಗೂ ಕೊಂಡಾಡುತ್ತಾರೆ. ಆ ಗಡಿಯಾರ ಮುಂದೇನಾಯಿತೆಂದು ಕೇಳುವ ಧೈರ್ಯ ಈ ಸೊಸೆಗಿಲ್ಲ.

ಇನ್ನು ಅಂದಿನ ಬೆಳಗಿನ ಮಾತು. ಹಾರುವ ಮುಂಚೆ ಟ್ಯಾಂಕಿನ ತಳದಿಂದ ಗಾಜಿನ ಲೋಟಕ್ಕೆ ಸ್ವಲ್ಪ ಬಸಿದು ನೋಡಬೇಕೆಂಬುದು ಹಾರುವವರೆಲ್ಲರ ನಿಯಮ. ನೀರು ಸೇರಿದ್ದರೆ ಅದು ಕೆಳಗೆ ನಿಂತು, ಪೆಟ್ರೋಲು ಮೇಲೆ ತೇಲಿ, ನಡುವೆ ಗೆರೆ ಕಾಣುತ್ತದೆ. ಯಜಮಾನರು ಲೋಟವನ್ನು ಆಕಾಶಕ್ಕೆ ಹಿಡಿದು, ಗೆರೆಯ ಸುಳಿವೂ ಇಲ್ಲ, ಎಷ್ಟು ತಿಳಿಯಾಗಿದೆ ನೋಡೇ ಎಂದು ಹಿಗ್ಗಿದರು. ಗೆರೆ ಎಲ್ಲಿಂದ ಬರಬೇಕು ಸ್ವಾಮಿ, ಲೋಟದ ತುಂಬ ಇದ್ದದ್ದೇ ಬರೀ ನೀರು! ನನಗೂ ಇದು ಹೊಳೆದದ್ದು ಆಮೇಲೆಯೇ. ಅವರಿಗೆ ನೆಗಡಿ, ಆದ್ದರಿಂದ ಪೆಟ್ರೋಲಿನ ವಾಸನೆ ಬರದಿದ್ದದ್ದೂ ಗೊತ್ತಾಗಲಿಲ್ಲ. ಲೋಟದಲ್ಲಿದ್ದದ್ದನ್ನು ಶೆಡ್ಡಿನ ಬಾಗಿಲ ಬಳಿಯ ಹೂಕುಂಡಕ್ಕೆ ಚೆಲ್ಲಿ, ಹತ್ತಿ ಕೂತರು. ಆ ಗಿಡ ಇವತ್ತಿಗೂ ನಳನಳಿಸುತ್ತಿದೆ, ಮೊಗ್ಗೂ ಬಿಟ್ಟಿದೆ.

ಪೈಪಿನಲ್ಲಿ ಉಳಿದಿದ್ದ ಹಳೆಯ ಪೆಟ್ರೋಲಿನ ದಯೆಯಿಂದ ತಾವು ಹೊರಟಿರಿ, ಓಡಿದಿರಿ, ನಮ್ಮನ್ನು ಮರಗಳ ಮೇಲಕ್ಕೂ ಎತ್ತಿದಿರಿ. ಆಮೇಲೆ ನೀರು ಬಾಯಿಗೆ ತಾಗಿದ್ದೇ ತಡ, ಒಮ್ಮೆ ಕೆಮ್ಮಿ ಸುಮ್ಮನಾದಿರಿ. ಆ ಸದ್ದಿಲ್ಲದ ಗಳಿಗೆಯಲ್ಲಿ ಯಜಮಾನರು ಆಡಿದ್ದು, ಮದುವೆಯಾದಾಗಿನಿಂದ ನಾನು ಕೇಳುತ್ತ ಬಂದಿರುವ ಮಾತು: ಏನೂ ಆಗಿಲ್ಲ. ನನಗೆ ಭಯವಾಯಿತು. ಇದನ್ನು ಮಾತ್ರ ತಮಾಷೆಗೆ ಬರೆಯುತ್ತಿಲ್ಲ. ಅಜ್ಜಿಯ ಬಳಿ ಬಿಟ್ಟು ಬಂದ ಮಗಳಿಗೆ ಯಾರು ಸುದ್ದಿ ಹೇಳುತ್ತಾರೆ ಎಂಬುದೊಂದೇ ಯೋಚನೆ ತಲೆಯಲ್ಲಿತ್ತು. ಯಾರ ಪುಣ್ಯವೋ, ಎದುರಿಗೆ ಕೊಯ್ಲಾದ ಹೊಲವಿತ್ತು, ಪುಟಿಪುಟಿದು ನಿಂತೆವು. ಇಳಿದ ಕೂಡಲೇ ಯಜಮಾನರು ತಮ್ಮ ಮೂತಿಗೆ ಗುದ್ದಿ, ತಮ್ಮನ್ನು ದ್ರೋಹಿ ಎಂದರು.

ಈಗ ವಿಷಯಕ್ಕೆ ಬರುತ್ತೇನೆ. ಬರುವ ಭಾನುವಾರ ಅದೇ ಬಲಗಡೆ ಸೀಟಿನಲ್ಲಿ ನಮ್ಮ ಮಗಳನ್ನು ಕೂರಿಸಿಕೊಂಡು ಹಾರುವುದೆಂದು ಅಪ್ಪ ಮಗಳ ನಡುವೆ ಮಾತಾಗಿದೆ. ಟ್ಯಾಂಕು ಬಸಿದಿದ್ದಾರೆ, ಅದೇ ಬಂಕಿನಿಂದ ತಂದು ಮತ್ತೆ ತುಂಬಿದ್ದಾರೆ. ಇಂಧನದ ರಬ್ಬರ್ ಪೈಪುಗಳಿಗೆ ವಯಸ್ಸಾಯಿತು, ಬದಲಿಸಿ ಎಂದು ಬೇಡಿಕೊಂಡರೆ, ಹೊರಗಿನಿಂದ ಹೊಳೆಯುತ್ತಿದೆಯಲ್ಲ ಎನ್ನುತ್ತಾರೆ. ಅವರಿಗೆ ಹೇಳಿ ಹೇಳಿ ಬಾಯಿ ನೋಯಿಸಿಕೊಂಡು ಈಗ ತಮ್ಮ ಕಾಲಿಗೆ ಬಿದ್ದಿದ್ದೇನೆ. ತಾವು ಭಾನುವಾರದೊಳಗೆ ನೀರು ಕುಡಿದು ಬದುಕುವುದನ್ನು ಅಭ್ಯಾಸ ಮಾಡಿಕೊಳ್ಳಬೇಕು; ಆಗದಿದ್ದರೆ ಮಡ್ಡಿ ಸೋಸಲು ಒಂದು ಜೊತೆ ಮೂತ್ರಪಿಂಡ ಬೆಳೆಸಿಕೊಳ್ಳಬೇಕು; ಅದೂ ಆಗದಿದ್ದರೆ, ಅವರು ಕೀಲಿ ತಿರುಗಿಸಿದಾಗ ಹಟ ಹಿಡಿದು ಕೂತುಬಿಡಬೇಕು. ಬೈದರೆ ಬೈಯಲಿ, ಗುದ್ದಿದರೆ ಗುದ್ದಲಿ, ಕೆಡುವ ಮನಸ್ಸಿದ್ದರೆ ತಾವು ನೆಲದ ಮೇಲೆಯೇ ಕೆಟ್ಟು ಉಪಕರಿಸಬೇಕು. ನನಗಿರುವುದು ಒಬ್ಬಳೇ ಮಗಳು. ಅವರ ಕಿವಿಗೆ ಹಾಕಬೇಡಿ, ಗಂಡನೂ ಒಬ್ಬರೇ.

ತಮ್ಮ ವಿಶ್ವಾಸಿ,
ಬಲಗಡೆ ಸೀಟಿನವಳು

ವಿ.ಸೂ.: ಈ ಪತ್ರವನ್ನು ತಮ್ಮ ಪಕ್ಕದಲ್ಲೇ ಅಂಟಿಸೋಣವೆಂದು ಮೂತಿಯ ಮುಚ್ಚಳ ತೆರೆದು, ಆ ಹೊಳೆಯುವ ಪೈಪನ್ನು ಬೆರಳಿನಿಂದ ಸುಮ್ಮನೆ ಮುಟ್ಟಿದೆ, ತುಂಡಾಗಿ ಕೈಗೆ ಬಂತು. ಒರೆಸಿ ತಂದು ಯಜಮಾನರ ಊಟದ ತಟ್ಟೆಯಲ್ಲಿಟ್ಟೆ. ಪಕ್ಕದಲ್ಲಿ ಕೂತ ಮಗಳು ಅದನ್ನೆತ್ತಿ ಹಿಸುಕಿ, ಕೈಗಂಟಿದ ಕಪ್ಪು ಪುಡಿ ನೋಡುತ್ತ, ಅಪ್ಪಾ, ಇದನ್ನ ನಂಬ್ಕೊಂಡಾ ನನ್ನ ಕರ್ಕೊಂಡು ಹೋಗ್ತಾ ಇದ್ದಿದ್ದು ಎಂದು ಕೇಳಿದಳು. ಯಜಮಾನರು ತಟ್ಟೆ ಸರಿಸಿ, ಕೈಪಿಡಿ ತಂದು, ‘ಆದರೆ’ಯಿಂದ ಮುಂದಕ್ಕೆ ಓದುತ್ತ ಕೂತಿದ್ದಾರೆ. ಭಾನುವಾರ ತಾವು ನಿಶ್ಚಿಂತೆಯಿಂದ ಮಲಗಿರಿ.